ಗ್ರಿಡ್ ಅಂದರೆ ಡಬ್ಬಿಗಳಲ್ಲ

'ಗ್ರಿಡ್ ಮುರಿಯಿರಿ, ಸೃಜನಶೀಲರಾಗಿ' ಎಂಬ ಸಲಹೆ ಮತ್ತೊಮ್ಮೆ ಕಣ್ಣಿಗೆ ಬಿತ್ತು. ಈ ಸಲ ಪುಟವಿನ್ಯಾಸ ಕಲಿಸುವ ಕಮ್ಮಟವೊಂದರ ಕರಪತ್ರದಲ್ಲಿ. ಜೊತೆಗಿದ್ದ ಚಿತ್ರದಲ್ಲಿ ಒಂಬತ್ತು ಚೌಕಗಳಿದ್ದವು, ಅವುಗಳಲ್ಲಿ ಒಂದು ಮಾತ್ರ ಓರೆಯಾಗಿ ಜಾರಿತ್ತು. ಆ ಚೌಕಗಳು ಗ್ರಿಡ್ ಅಲ್ಲ; ಪುಟದಲ್ಲಿ ಬರಹ, ಚಿತ್ರಗಳ ಅಂಚು ಎಲ್ಲಿ ಬೀಳಬಹುದೆಂದು ತೋರಿಸುವ ಗೆರೆಗಳ ಬಲೆ ಗ್ರಿಡ್. ಒಂದನ್ನು ಓರೆ ಮಾಡಿದ ಮಾತ್ರಕ್ಕೆ ಗ್ರಿಡ್ ಮುರಿಯುವುದೂ ಇಲ್ಲ. ವಿನ್ಯಾಸ ಕಲಿಸುವವರೇ ಈ ಪದವನ್ನು ಹೀಗೆ ಬಳಸಿದರೆ ಕಲಿಯುವವರು ಹೋಗುವುದೆಲ್ಲಿಗೆ?

ವಿದ್ಯುತ್ ಗ್ರಿಡ್ ವಿಷಯದಲ್ಲಿ ಯಾರಿಗೂ ಈ ಗೊಂದಲವಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣದ ಗ್ರಿಡ್ ದೇಶದ ಉಳಿದ ಗ್ರಿಡ್‌ಗೆ ಸೇರಿತು ಎಂದಾಗ, ಸೇರಿದ್ದು ತಂತಿಗಳ ಬಲೆ ಎಂದು ಎಲ್ಲರಿಗೂ ಅರ್ಥವಾಗುತ್ತದೆ. ಆ ಬಲೆಯ ನಡುವಿನ ಊರುಗಳನ್ನು ಯಾರೂ ಗ್ರಿಡ್ ಅನ್ನುವುದಿಲ್ಲ. ಪುಟದ ಮಾತು ಬಂದಾಗ ಮಾತ್ರ ಗೆರೆಗಳನ್ನು ಮರೆತು, ಗೆರೆಗಳ ನಡುವೆ ಕೂತ ಫೋಟೊಗಳಿಗೆ ಆ ಹೆಸರು ಕೊಡುತ್ತೇವೆ. ಇನ್‌ಸ್ಟಾಗ್ರಾಮ್‌ನ ಮೂರು ಸಾಲಿನ ಫೋಟೊಗಳನ್ನು 'ನನ್ನ ಗ್ರಿಡ್' ಎಂದು ಕರೆಯುವುದು ರೂಢಿಯಾದ ಮೇಲಂತೂ ಈ ಅರ್ಥವೇ ಮೂಲದ್ದು ಅನ್ನುವಂತಾಗಿದೆ.

ಪದದ ಹುಟ್ಟು ನೋಡಿದರೆ ವಿಷಯ ತಿಳಿಯಾಗುತ್ತದೆ. ಲ್ಯಾಟಿನ್‌ನಲ್ಲಿ 'ಕ್ರಾಟಿಸ್' ಅಂದರೆ ಹೆಣೆದ ತಡಿಕೆ. ಅದರ ಕಿರಿದು ರೂಪ 'ಕ್ರಾಟಿಕುಲಾ', ಅಂದರೆ ಚಿಕ್ಕ ಜಾಲರಿ. ಅದು ಹಳೆಯ ಫ್ರೆಂಚ್ ದಾಟಿ ಇಂಗ್ಲಿಷಿಗೆ ಬರುವಾಗ ಹಲವು ಕವಲಾಗಿ ಒಡೆಯಿತು. ಗ್ರಿಲ್, ಗ್ರಿಡಲ್, ಕಿಟಕಿಯ ಗ್ರಿಲ್ ಎಲ್ಲವೂ ಆ ಬಳಗವೇ. ಮಾಂಸ ಸುಡುವ ಜಾಲರಿಗೆ ನಡುಗಾಲದ ಇಂಗ್ಲಿಷಿನಲ್ಲಿ 'ಗ್ರೆಡೈರ್' ಎಂಬ ರೂಪವೂ ಇತ್ತು. ಅದರ ಬಾಲದ ಸದ್ದು 'ಐರನ್' ಅನ್ನು ಹೋಲುತ್ತಿತ್ತು. ವಸ್ತುವೂ ಕಬ್ಬಿಣದ್ದೇ. ಜನ ಅದನ್ನು 'ಗ್ರಿಡ್‌ಐರನ್' ಮಾಡಿಬಿಟ್ಟರು. ಅಲ್ಲಿಯವರೆಗೆ 'ಗ್ರಿಡ್' ಎಂಬ ಬಿಡಿ ಪದ ಇರಲೇ ಇಲ್ಲ. 19ನೇ ಶತಮಾನದಲ್ಲಿ, ಇಲ್ಲದ ಕಬ್ಬಿಣವನ್ನು ಬಾಲದಿಂದ ಕತ್ತರಿಸಿ ಹಾಕಿದಾಗ ಉಳಿದದ್ದೇ ಇಂದಿನ ಗ್ರಿಡ್. ತಡಿಕೆಯಿಂದ ಜಾಲರಿಗೆ, ಜಾಲರಿಯಿಂದ ನಕ್ಷೆಯ ಗೆರೆಗಳಿಗೆ ಬಂದ ಈ ದಾರಿಯುದ್ದಕ್ಕೂ ಪದ ಸೂಚಿಸಿದ್ದು ಅಡ್ಡ ಹಾಯುವ ಪಟ್ಟಿಗಳನ್ನು. ಜಾಲರಿಯ ಮೇಲಿಟ್ಟ ಮಾಂಸವನ್ನು ಎಂದೂ ಅಲ್ಲ.

ಪುಟದ ಗ್ರಿಡ್ಡನ್ನು ಶಾಸ್ತ್ರವಾಗಿ ಬೆಳೆಸಿದ ಸ್ವಿಸ್ ವಿನ್ಯಾಸಕರ ಜರ್ಮನ್ನಿನಲ್ಲಿ ಅದರ ಹೆಸರು 'ರಾಸ್ಟರ್'. ಜೂರಿಕ್‌ನ ಜೋಸೆಫ್ ಮ್ಯುಲ್ಲರ್-ಬ್ರಾಕ್‌ಮನ್ ಈ ವಿಷಯದ ಮೇಲೆ 1981ರಲ್ಲಿ ತಂದ ಪುಸ್ತಕದ ಜರ್ಮನ್ ಹೆಸರಿನಲ್ಲಿರುವುದೂ ಇದೇ ಪದ. ಇದರ ಮೂಲ ಲ್ಯಾಟಿನ್‌ನ 'ರಾಸ್ಟ್ರಮ್', ಅಂದರೆ ನೆಲ ಗೀರುವ ಹಲ್ಲುಗಳಿರುವ ಸಾಧನ. ಯುರೋಪಿನ ಸಂಗೀತಗಾರರು ಸ್ವರಲಿಪಿಯ ಐದು ಗೆರೆಗಳನ್ನು ಒಂದೇ ಎಳೆತಕ್ಕೆ ಎಳೆಯಲು ಬಳಸುತ್ತಿದ್ದ ಐದು ಮೊನೆಯ ಲೇಖನಿಗೂ ಇದೇ ಹೆಸರು. ಆ ಐದು ಗೆರೆ ಸ್ವರ ಎಲ್ಲಿ ಕೂರಬಹುದೆಂದು ಹೇಳುತ್ತವೆ, ಯಾವ ಸ್ವರ ಬರಬೇಕೆಂದು ಹೇಳುವುದಿಲ್ಲ. ಪುಟದ ಗ್ರಿಡ್ ಮಾಡುವ ಕೆಲಸವೂ ಇಷ್ಟೇ.

ನಮ್ಮ ಭಾಷೆಯಲ್ಲಿ ಇದಕ್ಕಿಂತ ಸೊಗಸಾದ ಪದ ಇದೆ. ಪತ್ರಿಕೆಯ ಕಾಲಂಗೆ ನಾವು 'ಅಂಕಣ' ಅನ್ನುತ್ತೇವೆ. ಇಂಗ್ಲಿಷಿನ ಕಾಲಂ ಅಂದರೆ ಕಂಬ. ಕನ್ನಡದ ಅಂಕಣ ಕಂಬವಲ್ಲ, ಎರಡು ಕಂಬಗಳ ನಡುವಿನ ಜಾಗ. ಹಳೆಯ ಮನೆಗಳನ್ನು ಅಳೆಯುತ್ತಿದ್ದದ್ದೇ ಅಂಕಣದಲ್ಲಿ: ಐದಂಕಣದ ಮನೆ, ಹತ್ತಂಕಣದ ಮನೆ. ಕಂಬ ನಿಲ್ಲಿಸುವುದು ಬಡಗಿಯ ಲೆಕ್ಕ. ಯಾವ ಅಂಕಣದಲ್ಲಿ ಪಡಸಾಲೆ, ಯಾವುದರಲ್ಲಿ ಕೊಟ್ಟಿಗೆ, ಎರಡು ಅಂಕಣ ಸೇರಿಸಿ ದೊಡ್ಡ ನಡುಮನೆ ಮಾಡಬೇಕೇ ಎನ್ನುವುದು ಮನೆಯವರ ತೀರ್ಮಾನ. ಈ ಪದವನ್ನು ದಿನಾ ಬಳಸುವ ನಾವೇ ಗ್ರಿಡ್ಡನ್ನು ಪಂಜರ ಎಂದು ತಿಳಿಯಬೇಕಾಗಿಲ್ಲ.

ಟೆಂಪ್ಲೇಟ್ ಮತ್ತು ಗ್ರಿಡ್ ಒಂದೇ ಎಂಬ ನಂಬಿಕೆಯೇ ಈ ಪಂಜರದ ಕಲ್ಪನೆಯ ಬೇರು. ಎಲ್ಲಿ ಏನು ಬರಬೇಕು ಎಂಬುದನ್ನು ಟೆಂಪ್ಲೇಟ್ ಮೊದಲೇ ತೀರ್ಮಾನಿಸಿರುತ್ತದೆ: ಮೇಲೆ ಶೀರ್ಷಿಕೆ, ಎಡಕ್ಕೆ ಫೋಟೊ, ಕೆಳಗೆ ಬರಹ. ಗ್ರಿಡ್ ಅಂಚುಗಳು ಎಲ್ಲಿ ಬೀಳಬಹುದು ಎಂದಷ್ಟೇ ಹೇಳುತ್ತದೆ. ವೆಬ್ ಪುಟಗಳಲ್ಲಿ ಹನ್ನೆರಡು ಅಂಕಣ ರೂಢಿಯಾದದ್ದು ಹನ್ನೆರಡನ್ನು ಎರಡು, ಮೂರು, ನಾಲ್ಕು, ಆರರಿಂದ ಭಾಗಿಸಬಹುದು ಎಂಬ ಕಾರಣಕ್ಕೆ. ಮೂರು-ಆರು-ಮೂರು, ನಾಲ್ಕು-ಎಂಟು, ಐದು-ಏಳು, ಇವೆಲ್ಲ ಒಂದೇ ಗ್ರಿಡ್ಡಿನ ಪುಟಗಳು, ಆದರೆ ಒಂದು ಇನ್ನೊಂದರ ಹಾಗೆ ಕಾಣುವುದಿಲ್ಲ. ವೆಬ್ ಪುಟಗಳ ರೂಪ ನಿರ್ಧರಿಸುವ ಭಾಷೆ ಸಿಎಸ್‌ಎಸ್. 2017ರಲ್ಲಿ ಬ್ರೌಸರುಗಳಿಗೆ ಬಂದ ಸಿಎಸ್‌ಎಸ್ ಗ್ರಿಡ್ ಈ ಅರ್ಥವನ್ನು ಬಹಳ ಸರಿಯಾಗಿ ಹಿಡಿದಿದೆ. ಅದು ಎಣಿಸುವುದು ಗೆರೆಗಳನ್ನು. ಹನ್ನೆರಡು ಅಂಕಣಕ್ಕೆ ಹದಿಮೂರು ಗೆರೆ, ಯಾವ ಗೆರೆಯಿಂದ ಯಾವ ಗೆರೆಗೆ ಚಾಚಬೇಕೆಂದು ನೀವು ಹೇಳುತ್ತೀರಿ. ಉಳಿದ ಜಾಗ ಖಾಲಿ ಬಿಡಬಹುದು. ಖಾಲಿ ಅಂಕಣವೂ ವಿನ್ಯಾಸವೇ ಎಂದು ನಮ್ಮ ಸ್ಮರಣ ಸಂಚಿಕೆಗಳ ಪುಟ ಕಟ್ಟುವವರು ಒಮ್ಮೆ ಒಪ್ಪಿಕೊಂಡರೆ ಅರ್ಧ ಕೆಲಸ ಮುಗಿಯುತ್ತದೆ. ಜಾಗ ಉಳಿದಲ್ಲೆಲ್ಲ ಹೂವಿನ ಬಳ್ಳಿ ತುರುಕುವುದು ಸೃಜನಶೀಲತೆಯಲ್ಲ.

ಇನ್ನು ಮುರಿಯುವ ಮಾತು. ಗ್ರಿಡ್ ಪಾಲಿಸಿದವರು ನೀರಸ, ಮುರಿದವರು ಕಲಾವಿದರು ಎಂಬ ವಿಂಗಡಣೆಗೆ ಇತಿಹಾಸದಲ್ಲಿ ಆಧಾರವಿಲ್ಲ. ಮ್ಯುಲ್ಲರ್-ಬ್ರಾಕ್‌ಮನ್ 1955ರಲ್ಲಿ ಜೂರಿಕ್‌ನ ಸಂಗೀತ ಸಭಾಂಗಣ ಟೋನ್‌ಹಾಲೆಗಾಗಿ ಮಾಡಿದ ಬೀಥೋವನ್ ಪೋಸ್ಟರಿನಲ್ಲಿ ಒಂದು ಚೌಕವೂ ಇಲ್ಲ. ಇರುವುದು ಸುತ್ತಿ ಸುತ್ತಿ ಹಿಗ್ಗುವ ಕಪ್ಪು ಕಮಾನುಗಳು. ಕಮಾನಿನಿಂದ ಕಮಾನಿಗೆ ದಪ್ಪ ದುಪ್ಪಟ್ಟಾಗುತ್ತದೆ, ಕೋನಗಳಿಗೂ ಲೆಕ್ಕವಿದೆ. ಅದು ಪೂರ್ತಿ ಗ್ರಿಡ್, ಮತ್ತು ಪೂರ್ತಿ ಸಂಗೀತ. ಯಾನ್ ಚಿಖೋಲ್ಡ್ 1928ರಲ್ಲಿ ನಟ್ಟನಡುವೆ ಜೋಡಿಸುವ ಹಳೆಯ ಪುಟಗಳ ವಿರುದ್ಧ ಬಂಡೆದ್ದ ಜರ್ಮನ್ ವಿನ್ಯಾಸಕ. ಆದರೆ ಮುಂದೆ ಆತನೇ ಮಧ್ಯಯುಗದ ಹಸ್ತಪ್ರತಿಗಳನ್ನು ಅಳೆದು, ಒಳ ಅಂಚು, ಮೇಲಂಚು, ಹೊರ ಅಂಚು, ಕೆಳ ಅಂಚು 2:3:4:6ರ ಅನುಪಾತದಲ್ಲಿರುವ ಚೌಕಟ್ಟನ್ನು ಮತ್ತೆ ಹೊರತಂದರು. ಎರಡೂ ಗಟ್ಟಿ ಕೆಲಸವೇ.

ಮುರಿದವರ ಉದಾಹರಣೆಯಾಗಿ ಎಲ್ಲರೂ ತೋರಿಸುವುದು ಅಮೆರಿಕದ ಡೇವಿಡ್ ಕಾರ್ಸನ್‌ರನ್ನು. 1994ರಲ್ಲಿ 'ರೇ ಗನ್' ಪತ್ರಿಕೆಗಾಗಿ ಗಾಯಕ ಬ್ರಯನ್ ಫೆರಿ ಸಂದರ್ಶನವನ್ನು ಅವರು ಅಕ್ಷರಗಳೇ ಇಲ್ಲದ, ಬರೀ ಚಿಹ್ನೆಗಳಿರುವ ಫಾಂಟಿನಲ್ಲಿ ಜೋಡಿಸಿದರು. ಓದಲಾಗದ ಪುಟ ಎಂದು ಕತೆ ಹೇಳುವವರು ಅದೇ ಬರಹ ಅದೇ ಸಂಚಿಕೆಯ ಕೊನೆಯ ಪುಟಗಳಲ್ಲಿ ಓದುವಂತೆಯೂ ಅಚ್ಚಾಗಿತ್ತು ಎಂಬುದನ್ನು ಹೇಳುವುದಿಲ್ಲ. ಅಲ್ಲಿ ಮುರಿದದ್ದು ಓದಿನ ರೂಢಿ, ಅದೂ ರಾಕ್ ಸಂಗೀತದ ಓದುಗರ ಮುಂದೆ, ಯೋಚಿಸಿ ಮಾಡಿದ ಆಟವಾಗಿ. ಅದನ್ನೇ ನೆಪವಾಗಿಸಿ ಶಾಲಾ ಪಠ್ಯದ ಪುಟದಲ್ಲಿ ಪ್ರಶ್ನೆಗಳನ್ನು ಓರೆಯಾಗಿ ಚೆಲ್ಲಿದರೆ ಮಗುವಿಗೆ ಪ್ರಶ್ನೆ ಸಿಗುವುದಿಲ್ಲ, ಅಷ್ಟೇ. ಮುರಿದದ್ದು ಎಂದು ಓದುಗನಿಗೆ ಅನಿಸಬೇಕಾದರೆ ಸುತ್ತಲಿನ ಪುಟಗಳಲ್ಲಿ ಗೆರೆ ನೆಟ್ಟಗಿರಬೇಕು. ಗ್ರಿಡ್ಡೇ ಇಲ್ಲದ ಪುಟದಲ್ಲಿ ಓರೆಯಾದದ್ದು ಬರೀ ಅಜಾಗರೂಕತೆಯಾಗಿ ಕಾಣುತ್ತದೆ.

ಕಟ್ಟುಪಾಡಿನಿಂದಲೇ ರೂಪ ಹುಟ್ಟುವುದನ್ನು ನೋಡಲು ಜೂರಿಕ್‌ಗೂ ಹೋಗಬೇಕಿಲ್ಲ. ಮೂಡುಬಿದಿರೆಯಲ್ಲಿ ಧವಳಾ ಎಂಬ ಜೈನ ಗ್ರಂಥದ 12ನೇ ಶತಮಾನದ ತಾಳೆಗರಿಗಳಿವೆ, ಲಿಪಿ ಹಳಗನ್ನಡದ್ದು. ಗರಿಗೆ ದಾರ ಪೋಣಿಸಲು ತೂತು ಬೇಕು, ತೂತಿನ ಸುತ್ತ ಬರೆಯುವಂತಿಲ್ಲ. ಹಾಗಾಗಿ ಉದ್ದನೆಯ ಸಾಲು ತಾನಾಗಿ ತುಂಡಾಗುತ್ತದೆ, ಗರಿಯ ಮೇಲೆ ಅಂಕಣಗಳಾಗುತ್ತವೆ. ಚಿತ್ರವಿರುವ ಗರಿಗಳಲ್ಲಿ ಬಣ್ಣದ ಆಕೃತಿಗಳು ಬರಹದ ಪಕ್ಕದಲ್ಲಿ ತಮ್ಮ ಅಂಕಣ ಹಿಡಿದು ಕೂತಿವೆ. ಚಿತ್ರಕಾರ ಅಲ್ಲಿ ತೂತಿನೊಡನೆ ಜಗಳಕ್ಕೆ ಇಳಿದಿಲ್ಲ.

ನಿಜವಾಗಿ ಪ್ರಶ್ನಿಸಬೇಕಾದ ಗ್ರಿಡ್ ಬೇರೊಂದಿದೆ, ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಬೇಸ್‌ಲೈನ್ ಗ್ರಿಡ್, ಅಂದರೆ ಬರಹದ ಸಾಲುಗಳು ಕೂರುವ ಅಡ್ಡಗೆರೆಗಳು. ಸಾಫ್ಟ್‌ವೇರ್ ತಾನಾಗಿ ಕೊಡುವ ಅಂತರ ರೋಮನ್ ಅಕ್ಷರಗಳ ಅಳತೆಯದು, ಸಾಮಾನ್ಯವಾಗಿ ಅಕ್ಷರದ ಗಾತ್ರದ 1.2 ಪಟ್ಟು. ಇಂಗ್ಲಿಷಿನಲ್ಲಿ ಗೆರೆಯ ಕೆಳಗೆ ಇಳಿಯುವುದು ಕೆಲವು ಅಕ್ಷರಗಳ ಬಾಲ ಮಾತ್ರ. ಕನ್ನಡದಲ್ಲಿ ಇಡೀ ಒತ್ತಕ್ಷರ ಇಳಿಯುತ್ತದೆ, 'ರಾಷ್ಟ್ರ', 'ಶಾಸ್ತ್ರ' ಬಂದರೆ ಒಂದಕ್ಕೆ ಎರಡು. ಅದೇ 1.2ರಲ್ಲಿ ಬಿಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಹಾಗಾಗಿ ಒಂದೂವರೆ ಪಟ್ಟಿನಷ್ಟಾದರೂ ಬೇಕು ಎಂಬುದು ನನ್ನ ಪಟ್ಟು. ಅಂಕಣದ ಅಗಲದ ಕತೆಯೂ ಹೀಗೇ. 'ಮಾಡಿಕೊಳ್ಳಬೇಕಾಗಿದ್ದವರಿಗೆ' ಎಂಬಂಥ ಪದಗಳ ಭಾಷೆಯನ್ನು ಇಂಗ್ಲಿಷಿಗೆ ಅಳೆದ ಕಿರಿದಾದ ಅಂಕಣಕ್ಕೆ ತುರುಕಿ ಎರಡೂ ಅಂಚು ಸಮ ಮಾಡಿದರೆ, ಪದಗಳ ನಡುವೆ ಬಿರುಕು ಬಿಡುತ್ತದೆ. ಎಡ ಅಂಚು ಮಾತ್ರ ಸಮ ಮಾಡಿ, ಇಲ್ಲವೇ ಅಂಕಣ ಅಗಲಿಸಿ.

ಹೊಸ ಪುಟಕ್ಕೆ ಗೆರೆ ಹಾಕುವಾಗ 'ಸ್ತ್ರೀ ಶಾಸ್ತ್ರ ರಾಷ್ಟ್ರ' ಎಂಬ ಸಾಲಿನ ಕೆಳಗೆ 'ಕೀರ್ತಿ ನೀತಿ ಶೈಲಿ' ಎಂಬ ಸಾಲನ್ನಿಟ್ಟು ನೋಡಿ. ಒತ್ತೂ ಗುಡಿಸೂ ಒಂದಕ್ಕೊಂದು ತಾಗದಷ್ಟು ಅಂತರ ಸಿಕ್ಕ ಮೇಲೆ ಆ ಅಳತೆಯನ್ನು ಗ್ರಿಡ್ ಮಾಡಿಕೊಳ್ಳಿ. ಫೋಟೊ, ಶೀರ್ಷಿಕೆ, ಅಡಿಬರಹ ಎಲ್ಲದರ ಎತ್ತರವನ್ನೂ ಅದರ ಗುಣಿತಗಳಲ್ಲೇ ಇಡಿ.