ಮುರಕಲ್ಲಿನ ಲ್ಯಾಟಿನ್ ಹೆಸರು

ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೈವಳಿಕೆ ಕಡೆ ಗುಡ್ಡ ಕಡಿದಲ್ಲೆಲ್ಲ ಕಾಣುವ ತೂತುತೂತಾದ ಕೆಂಪು ಕಲ್ಲು ನಮಗೆ ಮುರಕಲ್ಲು, ಮಲಯಾಳದವರಿಗೆ ಚೆಂಗಲ್ಲು. ಬೇಕಲ ಕೋಟೆ ಎದ್ದಿರುವುದೂ ಇದರಿಂದಲೇ. ಭೂವಿಜ್ಞಾನಿಗಳು ಇಂಥ ನೆಲವನ್ನು ‘ಲ್ಯಾಟರಿಟಿಕ್’ ಎನ್ನುತ್ತಾರೆ. ಈ ಇಂಗ್ಲಿಷ್ ವಿಶೇಷಣವನ್ನು ‘ಲ್ಯಾಟರಲ್’ (ಪಕ್ಕದ) ಪದದ ನೆಂಟ ಎಂದು ತಿಳಿಯುವವರಿದ್ದಾರೆ. ತಪ್ಪು ಅವರದಲ್ಲ, ಲ್ಯಾಟಿನ್ ವ್ಯಾಕರಣದ್ದು. ಅಲ್ಲಿ ಇಟ್ಟಿಗೆ ‘ಲತೆರ್’, ಪಕ್ಕೆ ‘ಲತುಸ್’. ಷಷ್ಠೀ ವಿಭಕ್ತಿ ಹಚ್ಚಿದರೆ ಎರಡೂ ‘ಲತೆರಿಸ್’! ನಮ್ಮ ಕಲ್ಲಿಗೆ ಸೇರಿದ್ದು ಇಟ್ಟಿಗೆ.

ಹೆಸರಿಟ್ಟವನು ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕನನ್. 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿದ ಆತ ಮಲಬಾರಿನ ಅಂಗಾಡಿಪುರದಲ್ಲಿ ಕಂಡ ಕಲ್ಲನ್ನು 1807ರಲ್ಲಿ ಅಚ್ಚಾದ ಪ್ರವಾಸ ವರದಿಯಲ್ಲಿ ‘ಲ್ಯಾಟರೈಟ್’ ಎಂದ. ಸ್ಥಳೀಯ ನುಡಿಗಳಲ್ಲಿ ಇದಕ್ಕೆ ‘ಇಟಿಕಾ ಕಲ್ಲು’ ಎನ್ನುವುದನ್ನೂ ಅಲ್ಲೇ ದಾಖಲಿಸಿದ. ಅಂದರೆ ಜಗತ್ತಿನ ಭೂವಿಜ್ಞಾನವೆಲ್ಲ ಬಳಸುವ ಪದ ನಮ್ಮ ‘ಇಟ್ಟಿಗೆ ಕಲ್ಲಿ’ನ ಅನುವಾದ. (ಇಟ್ಟಿಗೆಯೂ ಅಪ್ಪಟ ನಮ್ಮದಲ್ಲ, ಸಂಸ್ಕೃತದ ‘ಇಷ್ಟಕಾ’ದಿಂದ ಬಂದದ್ದು.)

ಹೆಸರು ಇನ್ನೊಂದು ರೀತಿಯಲ್ಲೂ ಒಪ್ಪುತ್ತದೆ. ರೋಮನರ ‘ಲತೆರ್’ ಮೂಲತಃ ಸುಟ್ಟ ಇಟ್ಟಿಗೆಯಲ್ಲ, ಬಿಸಿಲಲ್ಲಿ ಒಣಗಿಸಿದ್ದು. ಹೊರಮೈ ಬೇಗ ಒಣಗಿ ಒಳಗೆ ಹಸಿ ಉಳಿದರೆ ಮುಂದೆ ಕುಗ್ಗಿ ಬಿರುಕು ಬಿಡುತ್ತದೆ, ಆದ್ದರಿಂದ ಎರಡು ವರ್ಷ ಕಾಯಿರಿ ಎಂದಿದ್ದ ವಾಸ್ತುಶಿಲ್ಪಿ ವಿಟ್ರೂವಿಯಸ್. ಮುರಕಲ್ಲೂ ಒಲೆ ಕಾಣದೆ ಗಟ್ಟಿಯಾಗುತ್ತದೆ. ಲಕ್ಷಾಂತರ ವರ್ಷಗಳ ಮಳೆ ಬಂಡೆಯ ಸಿಲಿಕಾ, ಸುಣ್ಣ, ಪೊಟ್ಯಾಸಿಯಂಗಳನ್ನು ತೊಳೆದೊಯ್ದು ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡುಗಳನ್ನು ಉಳಿಸಿರುತ್ತದೆ. ಪಣೆಯಿಂದ (ಕಲ್ಲು ಕಡಿಯುವ ಗುಂಡಿಯಿಂದ) ಈಗಷ್ಟೇ ಎಬ್ಬಿಸಿದ ಕಲ್ಲು ಕೊಡಲಿಗೂ ಬಗ್ಗುವಷ್ಟು ಮೆದು. ಗಾಳಿ ಬಿಸಿಲಿಗೆ ನೀರಿನಂಶ ಹೋದಂತೆ ಕಬ್ಬಿಣದ ಸಂಯುಕ್ತಗಳು ಹರಳುಗಟ್ಟಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಕೆತ್ತಿದ ಮೇಲೆ ಮೂರು ತಿಂಗಳು ಬಯಲಿಗೆ ಬಿಡಬೇಕೆಂಬ ನಿಯಮ ಅದಕ್ಕೇ.

ಎಷ್ಟು ಒಣಗಿಸಿದರೂ ಕೆಲವು ಕಲ್ಲು ಸುಧಾರಿಸುವುದಿಲ್ಲ. ಪಣೆಯ ಆಳಕ್ಕೆ ಹೋದಂತೆ ಕಬ್ಬಿಣ ಕಡಿಮೆಯಾಗಿ ಬಿಳಿ, ಹಳದಿ ಶೇಡಿಮಣ್ಣು ಹೆಚ್ಚುತ್ತದೆ. ಕಲ್ಲಿನ ಗುಳಿಗಳಲ್ಲಿರುವ ಆ ಮಣ್ಣು ಮಳೆಗೆ ತೊಳೆದುಹೋಗಿ ಗೋಡೆ ಟೊಳ್ಳಾಗುತ್ತದೆ. ಭಾರತೀಯ ಮಾನಕದ ಪ್ರಕಾರ ಕಲ್ಲು ತನ್ನ ತೂಕದ ಶೇ. 12ಕ್ಕಿಂತ ಹೆಚ್ಚು ನೀರು ಕುಡಿಯಬಾರದು. ಒಣಗಿದಾಗ 30 ಕಿಲೋ ಇದ್ದದ್ದು ಒಂದು ದಿನ ನೀರಲ್ಲಿ ಮುಳುಗಿಸಿಟ್ಟ ಮೇಲೆ 33.6 ಕಿಲೋ ದಾಟಿದರೆ ಅದನ್ನು ಗೋಡೆಗೆ ಕಟ್ಟಬೇಡಿ, ತೋಟದ ಕಟ್ಟಪುಣಿಗೆ (ಬದುವಿಗೆ) ಸಾಕು.