50 ಮೆಗಾಪಿಕ್ಸೆಲ್ ಫೋನಿಗಿಂತ 24ರ ಕ್ಯಾಮೆರಾ ರಾತ್ರಿ ಫೋಟೊ ಚೆನ್ನಾಗಿ ತೆಗೆಯುವುದು ಯಾಕೆ?

ಪ್ರಶ್ನೆ: ಯಕ್ಷಗಾನ ನೋಡಲು ಹೋದಾಗ ನಾನು ಫೋನಿನಲ್ಲಿ, ನನ್ನ ತಮ್ಮ ತನ್ನ ಹಳೆಯ ಡಿಎಸ್‌ಎಲ್‌ಆರ್‌ನಲ್ಲಿ ಫೋಟೊ ತೆಗೆದೆವು. ನನ್ನದು 50 ಮೆಗಾಪಿಕ್ಸೆಲ್, ಅವನದು ಬರೀ 24. ಆದರೂ ಅವನ ಫೋಟೊಗಳೇ ಚೆಂದ ಬಂದಿವೆ. ಯಾಕೆ ಹೀಗೆ?

ಉತ್ತರ: ಮೆಗಾಪಿಕ್ಸೆಲ್ ಎಂದರೆ ಫೋಟೊದಲ್ಲಿ ಎಷ್ಟು ಚುಕ್ಕಿಗಳಿವೆ ಎಂಬ ಲೆಕ್ಕ, ಅಷ್ಟೇ. 50 ಎಂದರೆ ಐದು ಕೋಟಿ ಚುಕ್ಕಿ. ಒಂದೊಂದು ಚುಕ್ಕಿಗೆ ಎಷ್ಟು ಬೆಳಕು ಸಿಕ್ಕಿತು ಎಂಬುದು ಅದರಲ್ಲಿ ಗೊತ್ತಾಗುವುದಿಲ್ಲ. ರಾತ್ರಿ ಫೋಟೊಗೆ ಮುಖ್ಯವಾದದ್ದೇ ಅದು.

ಬಟನ್ ಒತ್ತಿದಾಗ ಏನಾಗುತ್ತದೆ ನೋಡಿ. ಲೆನ್ಸಿನ ಗಾಜುಗಳು ಬೆಳಕನ್ನು ಬಾಗಿಸಿ ಒಳಗೆ ಚಿತ್ರ ಮೂಡಿಸುತ್ತವೆ, ತಲೆಕೆಳಗಾಗಿ. ಲೆನ್ಸಿನ ಒಳಗಿನ ಕಿಂಡಿ ಅಪರ್ಚರ್. ಎಷ್ಟು ಬೆಳಕು ಬರಬೇಕು ಎಂಬುದು ಅದರ ಕೈಯಲ್ಲಿದೆ. ಎಷ್ಟು ಹೊತ್ತು ಬರಬೇಕು ಎಂಬುದು ಶಟರ್ ಕೈಯಲ್ಲಿ. ಬೆಳಕು ಕೊನೆಗೆ ಬೀಳುವುದು ಸಿಲಿಕಾನ್ ತುಣುಕಾದ ಸೆನ್ಸರ್ ಮೇಲೆ. ಅಲ್ಲಿ ಒಂದೊಂದು ಚುಕ್ಕಿಯೂ ತನ್ನ ಮೇಲೆ ಬಿದ್ದ ಬೆಳಕನ್ನು ವಿದ್ಯುತ್ತಾಗಿ ಬದಲಿಸುತ್ತದೆ. ಅದನ್ನು ಅಳೆದು ಸಂಖ್ಯೆ ಮಾಡಿದರೆ ಡಿಜಿಟಲ್ ಫೋಟೊ.

ಬಣ್ಣದ ವಿಷಯ ನನಗೆ ಈಗಲೂ ಸೋಜಿಗ. ಸೆನ್ಸರಿಗೆ ಬಣ್ಣವೇ ಗೊತ್ತಿಲ್ಲ! ಹಾಗಾಗಿ ಚುಕ್ಕಿಗಳ ಮೇಲೆ ಕೆಂಪು, ಹಸಿರು, ನೀಲಿ ಫಿಲ್ಟರುಗಳನ್ನು ಕೂರಿಸಿರುತ್ತಾರೆ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಜೋಡಣೆ ಇದು. ಅರ್ಧದಷ್ಟು ಹಸಿರೇ, ಯಾಕೆಂದರೆ ನಮ್ಮ ಕಣ್ಣು ಹಸಿರಿಗೆ ಜಾಸ್ತಿ ಚುರುಕು. ಉಳಿದ ಬಣ್ಣವನ್ನು ಕ್ಯಾಮೆರಾದ ಪ್ರೊಸೆಸರ್ ಅಕ್ಕಪಕ್ಕದ ಚುಕ್ಕಿಗಳನ್ನು ನೋಡಿ ತುಂಬುತ್ತದೆ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಸಾಮಾನ್ಯ ಡಿಎಸ್‌ಎಲ್‌ಆರ್ ಸೆನ್ಸರ್ ಸುಮಾರು 23.5 ಮಿ.ಮೀ. ಅಗಲ, 15.6 ಮಿ.ಮೀ. ಎತ್ತರ ಇರುತ್ತದೆ. ಎಷ್ಟೋ ಫೋನುಗಳಲ್ಲಿ ಅದು 8ಕ್ಕೆ 6 ಮಿ.ಮೀ. ಆಸುಪಾಸು. ಅಷ್ಟು ಪುಟ್ಟ ಜಾಗದಲ್ಲಿ ಐದು ಕೋಟಿ ಚುಕ್ಕಿ ತುರುಕಬೇಕಲ್ವಾ? ಒಂದು ಚುಕ್ಕಿಯ ಅಗಲ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗೆ, ಅಂದರೆ ಸುಮಾರು 1 ಮೈಕ್ರಾನ್‌ಗೆ ಇಳಿಯುತ್ತದೆ. ತಮ್ಮನ ಕ್ಯಾಮೆರಾದಲ್ಲಿ ಅದು 4 ಮೈಕ್ರಾನ್ ಹತ್ತಿರ. ಅಂದರೆ ಬೆಳಕು ಬೀಳುವ ಜಾಗ ಹೆಚ್ಚುಕಡಿಮೆ 15 ಪಟ್ಟು ದೊಡ್ಡದು.

ಬೆಳಕು ಸಾಲದಾಗ ಕ್ಯಾಮೆರಾ ಸಿಕ್ಕಷ್ಟು ಸಂಕೇತವನ್ನೇ ಹಿಗ್ಗಿಸುತ್ತದೆ, ಅಂದರೆ ಐಎಸ್‌ಒ ಏರಿಸುತ್ತದೆ. ದೂರದ ರೇಡಿಯೊ ಸ್ಟೇಷನ್ನಿನ ಹಾಡು ಸಣ್ಣಗೆ ಕೇಳುವಾಗ ವಾಲ್ಯೂಮ್ ಜಾಸ್ತಿ ಮಾಡಿದರೆ ಗರಗರ ಸದ್ದೂ ಜೊತೆಗೇ ಏರುತ್ತದೆ, ನೋಡಿ. ಇಲ್ಲೂ ಹಾಗೇ. ಫೋಟೊದಲ್ಲಿ ಕಾಣುವ ಮರಳು ಮರಳು ಗ್ರೇನ್ಸ್ ಆ ಗರಗರವೇ.

ಫೋನ್ ಸುಮ್ನೆ ಕೂತಿರುವುದಿಲ್ಲ. ನಾಲ್ಕು ಚುಕ್ಕಿಗಳನ್ನು ಸೇರಿಸಿ ಒಂದು ಮಾಡುತ್ತದೆ. ಆಗ 50 ಹೋಗಿ 12.5 ಆಗುತ್ತದೆ. ನೈಟ್ ಮೋಡ್‌ನಲ್ಲಿ ಹಲವು ಫೋಟೊಗಳನ್ನು ತೆಗೆದು ಒಂದಾಗಿ ಬೆಸೆಯುತ್ತದೆ. ನಿಂತ ಗೋಪುರಕ್ಕೆ ಇದು ಬಹಳ ಚೆನ್ನಾಗಿ ಒದಗುತ್ತದೆ. ಧೀಂಗಿಣ ಹಾಕುವ, ಅಂದರೆ ಗಿರಕಿ ಹೊಡೆಯುತ್ತಾ ಜಿಗಿಯುವ ವೇಷಕ್ಕೆ ಒದಗುವುದಿಲ್ಲ. ಎಲ್ಲ ಕಲಸಿಹೋಗುತ್ತದೆ.

ಒಂದು ಮಾತು ಮಾತ್ರ ಗಮನದಲ್ಲಿರಲಿ. ದೊಡ್ಡ ಸೆನ್ಸರ್ ಇದ್ದರೆ ಸಾಲದು. ಡಿಎಸ್‌ಎಲ್‌ಆರ್ ಜೊತೆ ಬರುವ 18-55 ಲೆನ್ಸನ್ನು ಪೂರ್ತಿ ಜೂಮ್ ಮಾಡಿದರೆ ಕಿಂಡಿ ಎಫ್/5.6ಕ್ಕಿಂತ ದೊಡ್ಡದಾಗದು. (ಎಫ್ ಪಕ್ಕದ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು.) ಎಫ್/1.8 ಲೆನ್ಸಿಗೆ ಹೋಲಿಸಿದರೆ ಸೆನ್ಸರಿನ ಅಷ್ಟೇ ಜಾಗಕ್ಕೆ ಹತ್ತರಲ್ಲಿ ಒಂದು ಪಾಲು ಬೆಳಕು ಮಾತ್ರ ಸಿಗುತ್ತದೆ. ಬಹುಪಾಲು ಫೋನುಗಳ ಮುಖ್ಯ ಲೆನ್ಸ್ ಎಫ್/1.8 ಆಸುಪಾಸಿನದೇ. ಹಾಗಾಗಿ 18-55 ಲೆನ್ಸ್ ಹಾಕಿ ಪೂರ್ತಿ ಜೂಮ್ ಮಾಡಿದ ಕ್ಯಾಮೆರಾ ಫೋನನ್ನು ಬಹಳ ಹಿಂದೆ ಹಾಕುವುದಿಲ್ಲ. ನಿಮ್ಮ ತಮ್ಮ 50 ಎಂಎಂ ಎಫ್/1.8 ಲೆನ್ಸ್ ಹಾಕಿದ್ದರೆ ಅವನ ಗೆಲುವಿನಲ್ಲಿ ಅದರದ್ದೂ ದೊಡ್ಡ ಪಾಲಿದೆ. ದುಡ್ಡು ಖರ್ಚು ಮಾಡುವುದಾದರೆ ಹೊಸ ಕ್ಯಾಮೆರಾಕ್ಕಿಂತ ಇಂಥ ಲೆನ್ಸಿಗೆ ಹಾಕಿ ಎನ್ನುತ್ತೇನೆ.

ಫೋನೇ ಸಾಕು ಎನ್ನುವುದಾದರೆ ರಾತ್ರಿ 50ರ ಮೋಡ್ ಬೇಡ. ಮುಂದಿನ ಸಾಲಿನಲ್ಲಿ ಕೂತುಕೊಳ್ಳಿ, ಜೂಮ್ ಮಾಡುವ ಗೊಡವೆ ಇರುವುದಿಲ್ಲ. ಪದ (ಹಾಡು) ಮುಗಿದಾಗ ವೇಷ ಒಂದು ಕ್ಷಣ ಅಲುಗಾಡದೆ ನಿಲ್ಲುತ್ತದಲ್ಲ, ಆಗ ಒತ್ತಿ.