ವ್ಯಾಪ್ತಿ: ಶೆಡ್ಯೂಲರ್‌ನ ಫಂಕ್ಷನ್‌ಗಳನ್ನು ಹೆಸರು ಹಿಡಿದು ಕರೆಯಬಲ್ಲವರು ಯಾರು?

ಒಂದು ಹೆಸರು ಕೋಡಿನ ಎಷ್ಟು ಭಾಗದಲ್ಲಿ ಸಲ್ಲುತ್ತದೆ ಎಂಬುದರ ಎಲ್ಲೆಯನ್ನು ಪ್ರೋಗ್ರಾಮಿಂಗ್‌ನಲ್ಲಿ ವ್ಯಾಪ್ತಿ ಅಥವಾ ಸ್ಕೋಪ್ ಎನ್ನುತ್ತಾರೆ. ಸಿ ಭಾಷೆಯಲ್ಲಿ ಫಂಕ್ಷನ್ ಒಂದರ ಮುಂದೆ ‘ಸ್ಟ್ಯಾಟಿಕ್’ ಎಂದು ಬರೆದರೆ, ಅದರ ಹೆಸರು ಆ ಕಂಪೈಲ್ ಘಟಕದ, ಅಂದರೆ ಕಂಪೈಲರ್ ಒಂದೇ ಸಲಕ್ಕೆ ಕೈಗೆತ್ತಿಕೊಳ್ಳುವ ಕೋಡಿನ ಹೊರಗೆ ಸಲ್ಲುವುದಿಲ್ಲ. ಬಿಗಿಯಾಗಿ ಹೇಳುವುದಾದರೆ ಭಾಷೆಯ ಮಾನಕವು ಇದನ್ನು ಲಿಂಕೇಜ್ ಎಂದು ಕರೆಯುತ್ತದೆ. ಆದರೆ ಬಳಕೆಯ ಮಾತಿನಲ್ಲಿ ಇದೂ ವ್ಯಾಪ್ತಿಯೇ. ಪ್ರತಿ ಮನೆಯಲ್ಲೂ ಒಬ್ಬ ‘ಪುಟ್ಟ’ ಇದ್ದರೂ ಊರಿನಲ್ಲಿ ಗೊಂದಲವಾಗದಂತೆ, ಎರಡು ಕಡತಗಳಲ್ಲಿ ಒಂದೇ ಹೆಸರಿನ ಸ್ಟ್ಯಾಟಿಕ್ ಫಂಕ್ಷನ್‌ಗಳಿದ್ದರೂ ಆ ಘಟಕಗಳನ್ನು ಜೋಡಿಸಿ ಒಂದು ಪ್ರೋಗ್ರಾಮ್ ಮಾಡುವ ಲಿಂಕರ್ ತಕರಾರು ಮಾಡುವುದಿಲ್ಲ.

ಈ ಪದದ ನಿಜವಾದ ತೂಕ ತಿಳಿಯಬೇಕಾದರೆ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್‌ನ ಶೆಡ್ಯೂಲರ್, ಅಂದರೆ ಮುಂದೆ ಯಾವ ಕೆಲಸಕ್ಕೆ ಪ್ರೊಸೆಸರ್ ಸಿಗಬೇಕೆಂದು ನಿರ್ಧರಿಸುವ ಭಾಗವನ್ನು ನೋಡಬೇಕು. ಅಲ್ಲಿ ‘ಶೆಡ್ಯೂಲ್’ ಎಂಬ ಫಂಕ್ಷನ್ ಕರ್ನಲ್‌ನ ಎಲ್ಲರಿಗೂ ತೆರೆದಿದೆ. ಅದೇ ಹೆಸರಿನ ಆರಂಭದಲ್ಲಿ ಎರಡು ಅಡಿಗೆರೆ ಹೊತ್ತ ಇನ್ನೊಂದು ಫಂಕ್ಷನ್ ಸ್ಟ್ಯಾಟಿಕ್ ಆಗಿದ್ದು, ಮುಂದಿನ ಕೆಲಸವನ್ನು ಆರಿಸಿ ಬದಲಾವಣೆ ಮಾಡುವ ನಿಜವಾದ ದುಡಿಮೆ ಅದರದು. ಪ್ರಿಎಂಪ್ಷನ್, ಅಂದರೆ ಓಡುತ್ತಿರುವ ಕೆಲಸವನ್ನು ನಡುವೆಯೇ ತಡೆದು ಪ್ರೊಸೆಸರನ್ನು ಬೇರೆ ಕೆಲಸಕ್ಕೆ ಕೊಡುವ ವ್ಯವಸ್ಥೆ, ನಿಷ್ಕ್ರಿಯವಾಗಿರುವಾಗ ಮಾತ್ರ ಅದನ್ನು ಕರೆಯಬೇಕೆಂಬ ಷರತ್ತಿದೆ. ಹೊರಗಿನ ಫಂಕ್ಷನ್ ಆ ಸಿದ್ಧತೆಯನ್ನೆಲ್ಲ ಮುಗಿಸಿಯೇ ಒಳಗಿನದನ್ನು ಕರೆಯುತ್ತದೆ. ಒಳಗಿನ ಹೆಸರು ಹೊರಗೆ ಸಲ್ಲದ ಕಾರಣ, ಷರತ್ತು ಪಾಲನೆಯಾಗುತ್ತಿದೆಯೇ ಎಂದು ಪರೀಕ್ಷಿಸಲು ಒಂದು ಕಡತವನ್ನು ಓದಿದರೆ ಸಾಕು, ಕೋಟ್ಯಂತರ ಸಾಲುಗಳನ್ನು ಜಾಲಾಡಬೇಕಿಲ್ಲ. ನನ್ನ ದೃಷ್ಟಿಯಲ್ಲಿ ವ್ಯಾಪ್ತಿಯನ್ನು ಕಿರಿದಾಗಿಸುವುದರ ದೊಡ್ಡ ಲಾಭ ಇದೇ.

ಸಿ ಭಾಷೆಯಲ್ಲಿ ಫಂಕ್ಷನ್‌ನ ಹೆಸರು ಒಂದೋ ಘಟಕಕ್ಕೆ ಸೀಮಿತ, ಇಲ್ಲವೇ ಇಡೀ ಪ್ರೋಗ್ರಾಮಿಗೆ ಮುಕ್ತ, ನಡುವಿನ ಹಂತವಿಲ್ಲ. ಶೆಡ್ಯೂಲರ್‌ನ ಕಡತಗಳು ತಮ್ಮೊಳಗೆ ಹಂಚಿಕೊಂಡು ಉಳಿದವರಿಂದ ಮರೆಮಾಡಬೇಕಾದದ್ದಕ್ಕೆ, ಉದಾಹರಣೆಗೆ ಪ್ರತಿ ಪ್ರೊಸೆಸರ್‌ಗಾಗಿ ಕಾಯುವ ಕೆಲಸಗಳ ಸರದಿಯಾದ ರನ್‌ಕ್ಯೂ ರಚನೆಗೆ, ಶೆಡ್ಯೂಲರ್‌ನ ಡೈರೆಕ್ಟರಿಯಲ್ಲೇ ಒಂದು ಖಾಸಗಿ ಹೆಡರ್ ಕಡತ (ಬೇರೆ ಕಡತಗಳು ತಮ್ಮೊಳಗೆ ಸೇರಿಸಿಕೊಳ್ಳುವ ಘೋಷಣೆಗಳ ಕಡತ) ಇದೆ. ಆದರೆ ಅದು ಕಂಪೈಲರ್ ಕಾಯುವ ಬೇಲಿಯಲ್ಲ, ಅಭಿವೃದ್ಧಿಕಾರರು ಪಾಲಿಸುವ ಕಟ್ಟಳೆ. ಕರ್ನಲ್ ಓಡುತ್ತಿರುವಾಗಲೇ ಅದಕ್ಕೆ ಸೇರಿಸಬಹುದಾದ ಲೋಡಬಲ್ ಮಾಡ್ಯೂಲ್‌ಗಳಿಗಾದರೆ ಇನ್ನೂ ಒಂದು ಬಾಗಿಲಿದ್ದು, ಕರ್ನಲ್ ಬೇರೆಯಾಗಿ ಎಕ್ಸ್‌ಪೋರ್ಟ್ ಮಾಡಿದ ಹೆಸರುಗಳು ಮಾತ್ರ ಅವುಗಳಿಗೆ ಸಿಗುತ್ತವೆ.

ಮೇಲೆ ‘ಕಡತ’ ಎನ್ನದೆ ‘ಕಂಪೈಲ್ ಘಟಕ’ ಎಂದದ್ದಕ್ಕೆ ಕಾರಣವಿದೆ. 2007ರಲ್ಲಿ ಲಿನಕ್ಸ್‌ನ 2.6.23ನೇ ಆವೃತ್ತಿಯೊಂದಿಗೆ ಸಿಎಫ್‌ಎಸ್ (ಕಂಪ್ಲೀಟ್ಲಿ ಫೇರ್ ಶೆಡ್ಯೂಲರ್) ಎಂಬ ಹೊಸ ಶೆಡ್ಯೂಲರ್ ಬಂದಾಗ, ಅದರ ಕೋಡು ಬೇರೆ ಕಡತದಲ್ಲಿದ್ದರೂ ಮುಖ್ಯ ಕಡತವು ಅದನ್ನು ಇನ್‌ಕ್ಲೂಡ್ ಮಾಡಿಕೊಂಡು ಒಂದಾಗಿ ಕಂಪೈಲ್ ಆಗುತ್ತಿತ್ತು. ಹಾಗಾಗಿ ಒಂದರ ಸ್ಟ್ಯಾಟಿಕ್ ಹೆಸರುಗಳು ಇನ್ನೊಂದಕ್ಕೆ ಕಾಣುತ್ತಿದ್ದವು. 2012ರ 3.3ನೇ ಆವೃತ್ತಿಯಲ್ಲಿ ಇವು ತಮ್ಮದೇ ಡೈರೆಕ್ಟರಿಗೆ ಹೋಗಿ ಬೇರೆಬೇರೆಯಾಗಿ ಕಂಪೈಲ್ ಆಗತೊಡಗಿದ್ದರಿಂದ, ಹಂಚಿಕೆಯ ಫಂಕ್ಷನ್‌ಗಳಿಂದ ಸ್ಟ್ಯಾಟಿಕ್ ಪದವನ್ನು ತೆಗೆಯಬೇಕಾಯಿತು. ತಮಾಷೆಯೆಂದರೆ, 2022ರ 5.18ರಲ್ಲಿ ಕಂಪೈಲ್ ಸಮಯವನ್ನು ಉಳಿಸಲು ಹಲವು ಸಣ್ಣ ಕಡತಗಳನ್ನು ಮತ್ತೆ ಎರಡು ಘಟಕಗಳಾಗಿ ಒಟ್ಟುಗೂಡಿಸಲಾಯಿತು.

ಇನ್ನೊಂದು ತಪ್ಪುಗ್ರಹಿಕೆಯೂ ಇದೆ. ಸ್ಟ್ಯಾಟಿಕ್ ಮರೆಮಾಡುವುದು ಹೆಸರನ್ನೇ ಹೊರತು ಫಂಕ್ಷನ್ನನ್ನಲ್ಲ. ಸಿಎಫ್‌ಎಸ್‌ನಲ್ಲಿ ಕೆಲಸವನ್ನು ಸರದಿಗೆ ಸೇರಿಸುವ ಫಂಕ್ಷನ್ ಸ್ಟ್ಯಾಟಿಕ್ ಆಗಿದ್ದರೂ, ಅದರ ವಿಳಾಸವನ್ನು ‘ಶೆಡ್ ಕ್ಲಾಸ್’ ಎಂಬ ರಚನೆಯಲ್ಲಿ ಪಾಯಿಂಟರ್ ಆಗಿ ಇಟ್ಟಿರುತ್ತಾರೆ. ಶೆಡ್ಯೂಲರ್‌ನ ತಿರುಳು ಭಾಗವು ಹೆಸರನ್ನೇ ತಿಳಿಯದೆ, ಆ ಪಾಯಿಂಟರ್ ಹಿಡಿದು ಅದನ್ನು ಕರೆಯುತ್ತದೆ. 2024ರ 6.12ರಲ್ಲಿ ಸೇರಿದ ಇನ್ನೊಂದು ಶೆಡ್ಯೂಲರ್ ವರ್ಗ ‘ಶೆಡ್ ಎಕ್ಸ್ಟ್’ ಕೂಡ ಇದೇ ದಾರಿ ಹಿಡಿದಿದ್ದು, ಸರದಿಗೆ ಸೇರಿಸುವ ತನ್ನ ಫಂಕ್ಷನ್ನನ್ನು ಸ್ಟ್ಯಾಟಿಕ್ ಆಗಿಯೇ ಉಳಿಸಿಕೊಂಡು ರಚನೆಯ ಮೂಲಕವೇ ಹೊರಗೆ ಸಿಗುವಂತೆ ಮಾಡಿದೆ.